ರಕ್ತಸಂಬಂಧ, ನಿಷ್ಠೆ ಮತ್ತು ಕ್ಷಮೆ: ರಾಜಕುಮಾರ ಝೂಕೊನ ಕಥೆ – ಒಂದು ಅಧ್ಯಯನ

ಒಂಬತ್ತನೆಯ ತರಗತಿಯಲ್ಲಿ ವಿಭೀಷಣನ ಪ್ರಸಂಗವನ್ನು ಬೋಧಿಸುತ್ತಿದ್ದ ಒಂದು ದಿನ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸರ್, ಅಣ್ಣನನ್ನು ಬಿಟ್ಟುಹೋದ ವಿಭೀಷಣನನ್ನು ಒಳ್ಳೆಯವನೆನ್ನುತ್ತೀರಿ. ಅಣ್ಣನ ತಪ್ಪು ಗೊತ್ತಿದ್ದೂ ಅವನಿಗಾಗಿ ಸತ್ತ ಕುಂಭಕರ್ಣನನ್ನೂ ದೊಡ್ಡವನೆನ್ನುತ್ತೀರಿ. ಇಬ್ಬರಲ್ಲಿ ಯಾರು ಸರಿ?" ಎಂದು ಕೇಳಿದನು. ನಾನು ಉತ್ತರವನ್ನು ಹುಡುಕುತ್ತಿರುವಾಗಲೇ ಪಕ್ಕದವನು, "ಝೂಕೊನ ಕಥೆಯೂ ಹೀಗೇ ಸರ್" ಎಂದನು. ತರಗತಿಯೆಲ್ಲ ನಕ್ಕಿತು. ಝೂಕೊ ಯಾರೆಂದು ಅರಿಯದಿದ್ದವನು ನಾನೊಬ್ಬನೇ ಎಂಬುದು ಆಗ ತಿಳಿಯಿತು.

ಆ ವರ್ಷದ ದಸರೆಯ ರಜೆಯಲ್ಲಿ, ಕಾರ್ಟೂನು ಚಿತ್ರವೆಂದರೆ ಎಳೆಯರ ಕಾಲಹರಣವೆಂಬ ನನ್ನ ಹಳೆಯ ಅಭಿಪ್ರಾಯವನ್ನು ಬದಿಗಿಟ್ಟು, ಆ ಚಿತ್ರಮಾಲಿಕೆಯ ೬೧ ಕಂತುಗಳನ್ನೂ ಕುಳಿತು ನೋಡಿದೆನು. ನೋಡಿದ ಮೇಲೆ ಆ ಹುಡುಗನ ಮಾತು ನಗುವಂಥದಾಗಿರಲಿಲ್ಲವೆಂದು ಮನವರಿಕೆಯಾಯಿತು. ಮನೆಯೇ ಎರಡಾದಾಗ ಮಗನಾದವನು ಎಲ್ಲಿ ನಿಲ್ಲಬೇಕು? ತಪ್ಪಾದ ಕಡೆ ನಿಂತವನು ಹಿಂದಿರುಗಿ ಬಂದರೆ ಅವನನ್ನು ಹೇಗೆ ಕಾಣಬೇಕು? ಈ ಎರಡು ಪ್ರಶ್ನೆಗಳನ್ನು ಆ ಕೃತಿಯ ಆಧಾರದಿಂದ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೃತಿಯ ಪರಿಚಯ

ಈ ಚಿತ್ರಮಾಲಿಕೆಯ ಹೆಸರು 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್'. ಇದನ್ನು ರೂಪಿಸಿದವರು ಅಮೆರಿಕದ ಮೈಕೆಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯಾನ್ ಕೊನಿಯೆಟ್ಜ್ಕೊ. ಅಲ್ಲಿಯ ನಿಕೆಲೋಡಿಯನ್ ವಾಹಿನಿಯಲ್ಲಿ ೨೦೦೫ರ ಫೆಬ್ರುವರಿಯಿಂದ ೨೦೦೮ರ ಜುಲೈವರೆಗೆ ಇದು ಪ್ರಸಾರವಾಯಿತು. ಜಲ, ಪೃಥ್ವಿ, ಅಗ್ನಿ ಎಂಬ ಮೂರು ಭಾಗಗಳಾಗಿ ಇದನ್ನು ವಿಂಗಡಿಸಲಾಗಿದೆ. ಮೊದಲೆರಡು ಭಾಗಗಳಲ್ಲಿ ೨೦ರಂತೆ, ಕೊನೆಯ ಭಾಗದಲ್ಲಿ ೨೧ ಕಂತುಗಳಿವೆ. ೨೦೦೮ರ ಸಾಲಿನ ಪೀಬಾಡಿ ಪ್ರಶಸ್ತಿಯು ಇದಕ್ಕೆ ಸಂದಿತು.

ಕಥೆ ನಡೆಯುವುದು ಒಂದು ಕಲ್ಪಿತ ಲೋಕದಲ್ಲಿ. ಅಲ್ಲಿ ಜಲ, ಪೃಥ್ವಿ, ಅಗ್ನಿ, ವಾಯು ಎಂಬ ನಾಲ್ಕು ತತ್ತ್ವಗಳಿಗೆ ನಾಲ್ಕು ಜನಾಂಗಗಳುಂಟು. ಆಯಾ ಜನಾಂಗದ ಕೆಲವರಿಗೆ ತಮ್ಮ ತತ್ತ್ವವನ್ನು ಇಚ್ಛೆಯಂತೆ ಮಣಿಸುವ ವಿದ್ಯೆ ಸಿದ್ಧಿಸಿರುತ್ತದೆ. ನಾಲ್ಕನ್ನೂ ಮಣಿಸಬಲ್ಲವನು ಒಬ್ಬನೇ. ಅವನು ತಲೆಮಾರಿನಿಂದ ತಲೆಮಾರಿಗೆ ಮರುಹುಟ್ಟು ಪಡೆಯುತ್ತಾನೆ. ಅವನಿಗೆ 'ಅವತಾರ್' ಎಂದು ಹೆಸರು. ಅಗ್ನಿರಾಷ್ಟ್ರದ ದೊರೆ ಸೊಝಿನ್ ನೂರು ವರ್ಷಗಳ ಹಿಂದೆ ಯುದ್ಧವನ್ನಾರಂಭಿಸಿ ವಾಯುಜನಾಂಗವನ್ನು ನಿರ್ಮೂಲ ಮಾಡಿದನು. ಉಳಿದವನು ಹನ್ನೆರಡರ ಬಾಲಕ ಆಂಗ್ ಒಬ್ಬನೇ. ಆ ಕಾಲದ ಅವತಾರ್ ಅವನೇ. ನೂರು ವರ್ಷ ಹಿಮಗಡ್ಡೆಯೊಳಗೆ ಹುದುಗಿದ್ದ ಅವನನ್ನು ಜಲಜನಾಂಗದ ಕಟಾರಾ ಮತ್ತು ಅವಳ ಅಣ್ಣ ಸೊಕ್ಕಾ ಕಂಡು ಹೊರತೆಗೆಯುವಲ್ಲಿಂದ ಕಥೆ ಮೊದಲಾಗುತ್ತದೆ.

ಅವತಾರ ಎಂಬ ನಮ್ಮ ಪದವನ್ನು ಕೃತಿಕಾರರು ಹೆಸರಿನಲ್ಲಿಯೇ ತೆಗೆದುಕೊಂಡಿದ್ದಾರೆ. ಅಗ್ನಿರಾಷ್ಟ್ರದವರ ದ್ವಂದ್ವಯುದ್ಧಕ್ಕೆ 'ಅಗ್ನಿ ಕೈ' ಎಂದು ಹೆಸರು. ಆಂಗ್‌ನಿಗೆ ಏಳು ಚಕ್ರಗಳ ವಿಷಯವನ್ನು ಬೋಧಿಸುವ ವೃದ್ಧನ ಹೆಸರು ಗುರು ಪಥಿಕ್. ಚೀನ, ಜಪಾನ್, ಟಿಬೆಟ್ಟುಗಳ ಛಾಯೆಯೂ ಕೃತಿಯಲ್ಲಿ ದಟ್ಟವಾಗಿದೆ. ಆದರೆ ನಮ್ಮ ವಿಚಾರಕ್ಕೆ ಮುಖ್ಯವಾದುದು ಈ ಬಾಹ್ಯ ಸಾಮಗ್ರಿಯಲ್ಲ. ಅಗ್ನಿರಾಷ್ಟ್ರದ ರಾಜಮನೆತನದೊಳಗಿನ ಬಿರುಕು.

ಬಿರುಕು ಬಿಟ್ಟ ಮನೆ

ದೊರೆ ಅಝುಲಾನನಿಗೆ ಇಬ್ಬರು ಮಕ್ಕಳು. ಹಿರಿಯನು ಐರೋ, ಕಿರಿಯನು ಓಝೈ. ಪಟ್ಟಕ್ಕೆ ಹಕ್ಕುದಾರನಾದ ಐರೋ ಮಹಾ ಸೇನಾನಿ. ಪೃಥ್ವಿರಾಜ್ಯದ ರಾಜಧಾನಿಯಾದ ಬಾ ಸಿಂಗ್ ಸೇ ನಗರಕ್ಕೆ ೬೦೦ ದಿನಗಳ ಮುತ್ತಿಗೆ ಹಾಕಿದವನು ಅವನೇ. ಆ ಮುತ್ತಿಗೆಯಲ್ಲಿ ಅವನ ಏಕಮಾತ್ರ ಪುತ್ರ ಲೂ ಟೆನ್ ಮಡಿದನು. ಐರೋ ಮುತ್ತಿಗೆಯನ್ನು ತೆಗೆದು ಹಿಮ್ಮೆಟ್ಟಿದನು. ಅಣ್ಣನ ಈ ಶೋಕವನ್ನೇ ಅವಕಾಶವೆಂದು ಬಗೆದ ಓಝೈ, ಪಟ್ಟವನ್ನು ತನಗೆ ಕೊಡಬೇಕೆಂದು ತಂದೆಯನ್ನು ಕೇಳಿದನು. ಕೆರಳಿದ ಅಝುಲಾನನು, ಹಿರಿಯ ಮಗನನ್ನು ಕಳೆದುಕೊಳ್ಳುವ ದುಃಖ ಎಂಥದೆಂಬುದನ್ನು ಓಝೈಯೂ ಅನುಭವಿಸಲೆಂದು ಆಜ್ಞೆ ಮಾಡಿದನು. ಓಝೈಯ ಹಿರಿಯ ಮಗನೇ ಝೂಕೊ. ಅವನ ತಾಯಿ ಉರ್ಸಾ ಮಗನನ್ನು ಉಳಿಸಲು ರಾಜದ್ರೋಹಕ್ಕೂ ಹಿಂಜರಿಯಲಿಲ್ಲ. ಅದೇ ರಾತ್ರಿ ಅಝುಲಾನನು ಸತ್ತನು, ಉರ್ಸಾ ಕಣ್ಮರೆಯಾದಳು, ಓಝೈ ದೊರೆಯಾದನು. ಝೂಕೊನಿಗೆ ಉಳಿದವರು ತಂದೆ, ತಂಗಿ ಅಝುಲಾ ಮತ್ತು ದೊಡ್ಡಪ್ಪ ಐರೋ ಮಾತ್ರ.

ಈ ಮನೆಯಲ್ಲಿ ಪ್ರೀತಿಯು ಗೆಲುವಿಗೆ ಕೊಡುವ ಬಹುಮಾನವಾಗಿತ್ತು. ಅಝುಲಾ ಹುಟ್ಟಾ ಪ್ರತಿಭಾವಂತೆ. ಬಹುಮಾನವೆಲ್ಲ ಅವಳ ಪಾಲಿಗೆ. ಝೂಕೊ ಕಷ್ಟಪಟ್ಟು ಕಲಿಯುವವನು. ತಿರಸ್ಕಾರವೆಲ್ಲ ಅವನ ಪಾಲಿಗೆ. ಹೀಗೆ ಒಡಹುಟ್ಟಿದವರು ಒಬ್ಬರಿಗೊಬ್ಬರು ಆಸರೆಯಾಗದೆ ಸ್ಪರ್ಧಿಗಳಾಗಿ ಬೆಳೆದರು.

ಎರಡು ಸಮರಸಭೆಗಳು

ಝೂಕೊನ ಜೀವನವನ್ನು ತಿಳಿಯಲು ಅವನು ಕುಳಿತ ಎರಡು ಸಮರಸಭೆಗಳನ್ನು ಹೋಲಿಸಿ ನೋಡಿದರೆ ಸಾಕು.

ಮೊದಲನೆಯ ಸಭೆಯ ಕಾಲಕ್ಕೆ ಅವನಿಗೆ ೧೩ ವರ್ಷ. ಹೊಸದಾಗಿ ಸೇರಿದ ಯೋಧರಿಂದ ಕೂಡಿದ ೪೧ನೆಯ ತುಕಡಿಯನ್ನು ಶತ್ರುವಿಗೆ ಎರೆಯಾಗಿ ಒಡ್ಡಬೇಕೆಂದು ಸೇನಾಪತಿಯೊಬ್ಬನು ಸೂಚಿಸಿದಾಗ, ನಾಡನ್ನು ನಂಬಿ ಬಂದವರನ್ನು ಹೀಗೆ ಬಲಿಗೊಡುವುದು ಸಲ್ಲದೆಂದು ಬಾಲಕನು ಎದ್ದು ನುಡಿದನು. ದೊರೆಯ ಸಭೆಯಲ್ಲಿ ಬಾಯ್ದೆರೆದುದು ಅಪರಾಧವೆನಿಸಿತು; ದ್ವಂದ್ವಯುದ್ಧದ ಆಜ್ಞೆಯಾಯಿತು. ಎದುರಾಳಿ ಆ ಸೇನಾಪತಿಯೇ ಇರಬಹುದೆಂದು ಕಣಕ್ಕಿಳಿದ ಝೂಕೊ ತಿರುಗಿ ನೋಡಿದಾಗ ಎದುರಿಗೆ ನಿಂತಿದ್ದವನು ತಂದೆ. ಅವನು ಮಂಡಿಯೂರಿ ಕ್ಷಮೆ ಬೇಡಿದನು. ಹೆತ್ತ ತಂದೆಯ ಮೇಲೆ ಕೈಯೆತ್ತಲಾರೆನೆಂದನು. ಆ ವಿನಯವನ್ನೇ ಹೇಡಿತನವೆಂದು ಬಗೆದು ತಂದೆ ಮಗನ ಎಡಗಣ್ಣಿನ ಸುತ್ತಣ ಮುಖವನ್ನು ಸುಟ್ಟು, ದೇಶದಿಂದ ಹೊರದೂಡಿದನು. ಅವತಾರ್‌ನನ್ನು ಹಿಡಿದು ತಂದರೆ ಮಾತ್ರ ಮರಳಿ ಬರಬಹುದೆಂಬುದು ಅವನು ವಿಧಿಸಿದ ಷರತ್ತು. ನೂರು ವರ್ಷಗಳಿಂದ ಯಾರ ಕಣ್ಣಿಗೂ ಬೀಳದವನನ್ನು ಹಿಡಿದು ತರಬೇಕೆಂದರೆ ಮರಳಿ ಬರಬೇಡವೆಂದೇ ಅರ್ಥ. ಆದರೆ ಮಗನ ಮನಸ್ಸು ಅದನ್ನು ಹಾಗೆ ಅರ್ಥ ಮಾಡಿಕೊಳ್ಳಲಿಲ್ಲ. ಸುಮಾರು ಮೂರು ವರ್ಷಗಳ ಕಾಲ ಅವನು ಸಮುದ್ರ ಸಮುದ್ರ ಅಲೆದನು. ತನ್ನ ಮಾನವು ತಂದೆಯ ಕೈಯಲ್ಲಿದೆಯೆಂದೂ ಅವತಾರ್‌ನನ್ನು ಒಪ್ಪಿಸಿದರೆ ಅದು ತನಗೆ ಮರಳುವುದೆಂದೂ ನಂಬಿದನು.

ಎರಡನೆಯ ಸಭೆ ಕೊನೆಯ ಭಾಗದಲ್ಲಿ ಬರುತ್ತದೆ. ಆ ವೇಳೆಗೆ ಝೂಕೊ ತಂಗಿಯೊಡನೆ ಸೇರಿ ಬಾ ಸಿಂಗ್ ಸೇ ನಗರವನ್ನು ಕೆಡವಿ, ಸನ್ಮಾನಿತನಾಗಿ ಅರಮನೆಗೆ ಮರಳಿದ್ದಾನೆ. ಈ ಸಭೆಯಲ್ಲಿ ಅವನ ಆಸನ ತಂದೆಯ ಬಲಗಡೆ. ಧೂಮಕೇತುವಿನ ಬಲದಿಂದ ಪೃಥ್ವಿರಾಜ್ಯವನ್ನೇ ಸುಟ್ಟು ಬೂದಿ ಮಾಡುವ ಆಲೋಚನೆ ಅಲ್ಲಿ ನಡೆಯುತ್ತದೆ. ಝೂಕೊ ಅದನ್ನು ವಿರೋಧಿಸಿ ಮಾತಾಡುವುದಿಲ್ಲ. ತಂದೆ ಪ್ರಸನ್ನನಾಗುತ್ತಾನೆ. ಸಭೆಯಿಂದ ಹೊರಬಂದ ಝೂಕೊ, ತಾನು ಎಲ್ಲರೂ ಮೆಚ್ಚುವ ರಾಜಕುಮಾರನಾದರೂ ತನಗೆ ತಾನೇ ಪರಕೀಯನಾದೆನೆಂದು ಹೇಳಿಕೊಳ್ಳುತ್ತಾನೆ.

ಒಂದು ತುಕಡಿಯನ್ನು ಉಳಿಸಲು ಮಾತಾಡಿದಾಗ ದೊರೆತದ್ದು ಶಿಕ್ಷೆ. ಒಂದು ರಾಜ್ಯವೇ ಸುಡುವುದನ್ನು ಕೇಳಿ ಸುಮ್ಮನಿದ್ದಾಗ ದೊರೆತದ್ದು ಗೌರವ. ಇದನ್ನರಿತ ಬಳಿಕ ತಂದೆಗೆ ವಿಧೇಯನಾಗಿ ನಡೆಯುವುದು ಅವನಿಗೆ ಅಸಾಧ್ಯವಾಯಿತು. ವಿದ್ಯಾರ್ಥಿಗಳು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಝೂಕೊ ತಂದೆಯನ್ನು ಬಿಟ್ಟದ್ದು ತಂದೆ ತನಗೆ ಮಾಡಿದ ಅನ್ಯಾಯಕ್ಕಾಗಿ ಅಲ್ಲ. ಅವನು ಬಿಟ್ಟುಹೋಗುವ ಹೊತ್ತಿಗೆ ಕಳೆದುಕೊಂಡುದೆಲ್ಲ ಅವನಿಗೆ ಮರಳಿ ಸಿಕ್ಕಿತ್ತು. ಸಿಕ್ಕ ಮೇಲೆ ಅದರ ಬೆಲೆಯನ್ನು ಕಂಡು ಬಿಟ್ಟನು.

ಎರಡು ಕುಲಗಳ ಮಗ

ಅವನ ಒಳತೋಟಿಗೆ ಕೃತಿಕಾರರು ವಂಶದ ಕಾರಣವನ್ನೂ ಕೊಟ್ಟಿದ್ದಾರೆ. ಬಾ ಸಿಂಗ್ ಸೇ ಬಿದ್ದಾಗ ಸೆರೆಯಾದ ಐರೋ ಕಾರಾಗೃಹದಿಂದಲೇ ಅವನಿಗೆ ಆ ವಿಷಯವನ್ನು ತಿಳಿಸುತ್ತಾನೆ. ತಂದೆಯ ಕಡೆಯ ಮುತ್ತಜ್ಜನು ಯುದ್ಧವನ್ನಾರಂಭಿಸಿದ ಸೊಝಿನ್. ತಾಯಿಯ ಕಡೆಯ ಮುತ್ತಜ್ಜನು ಆಂಗ್‌ನಿಗಿಂತ ಹಿಂದಿನ ಅವತಾರ್ ಆದ ರೋಕು. ಇವರಿಬ್ಬರೂ ಬಾಲ್ಯದಿಂದ ಜೀವದ ಗೆಳೆಯರಾಗಿದ್ದವರು. ಲೋಕವನ್ನೆಲ್ಲ ತನ್ನ ಆಳ್ವಿಕೆಗೆ ತರುವ ಸೊಝಿನ್‌ನ ಆಸೆಗೆ ರೋಕು ಅಡ್ಡ ನಿಂತನು. ಮುಂದೆ ಜ್ವಾಲಾಮುಖಿಯೊಂದು ಸಿಡಿದಾಗ, ಸಾಯುತ್ತಿದ್ದ ಗೆಳೆಯನನ್ನು ಕೈಬಿಟ್ಟು ಸೊಝಿನ್ ಹೊರಟುಹೋದನು. ಆ ಇಬ್ಬರ ಬಿರುಕು ಮೂರು ತಲೆಮಾರುಗಳ ನಂತರ ಒಬ್ಬ ಹುಡುಗನ ಎದೆಯೊಳಗೆ ಬಂದು ನಿಂತಿದೆ. ಕುಲನಿಷ್ಠೆಯೆಂದರೆ ಯಾವ ಕುಲಕ್ಕೆ ನಿಷ್ಠೆ ಎಂಬ ಪ್ರಶ್ನೆ ಅವನಿಗೆ ಆಗ ಎದುರಾಗುತ್ತದೆ. ರಕ್ತವು ಎರಡು ದಾರಿಗಳನ್ನೂ ತೋರಿಸುವಾಗ ಆಯ್ಕೆಯ ಹೊಣೆಯನ್ನು ರಕ್ತದ ಮೇಲೆ ಹೊರಿಸುವಂತಿಲ್ಲ. ಅದನ್ನು ತಾನೇ ಹೊರಬೇಕು. ಎರಡು ಮನೆಗಳ ಋಣದ ನಡುವೆ ನಲುಗಿದ ಪಂಪನ ಕರ್ಣನನ್ನು ಓದಿದವರಿಗೆ ಈ ಸಂಕಟದ ಪರಿಚಯವಿದ್ದೇ ಇದೆ.

ದೊಡ್ಡಪ್ಪನ ಮೌನ

ಇನ್ನು ಕ್ಷಮೆಯ ವಿಚಾರಕ್ಕೆ ಬರೋಣ. ಕಣದಲ್ಲಿ ತಂದೆ ಮಗನನ್ನು ಸುಡುತ್ತಿದ್ದಾಗ ಐರೋ ಅಲ್ಲಿಯೇ ಇದ್ದನು. ತಾನು ಮುಖ ತಿರುಗಿಸಿಕೊಂಡೆನೆಂದು ಅವನೇ ಮುಂದೆ ಹೇಳುತ್ತಾನೆ. ತಡೆಯಲಾಗದ ಆ ಗಳಿಗೆಯ ನಂತರ ಅವನು ಝೂಕೊನ ಜೊತೆಗೆ ಹಡಗು ಹತ್ತಿದನು, ದೇಶಭ್ರಷ್ಟತೆಯನ್ನು ಹಂಚಿಕೊಂಡನು, ಮುಂದೆ ರಾಜದ್ರೋಹಿಯೆನಿಸಿ, ಬಾ ಸಿಂಗ್ ಸೇ ನಗರದಲ್ಲಿ ಚಹದಂಗಡಿಯ ಕೆಲಸಕ್ಕೂ ನಿಂತನು. ಹಿಂದೆ ತಾನೇ ಮುತ್ತಿಗೆ ಹಾಕಿದ್ದ ನಗರ ಅದು. ಮಗನ ಹುಟ್ಟುಹಬ್ಬದ ದಿನ ಆ ನಗರದ ಬೀದಿಗಳಲ್ಲಿ ಅಳುವ ಮಗುವನ್ನು ಸಂತೈಸಿ, ತನ್ನನ್ನು ದೋಚಲು ಬಂದವನಿಗೂ ಬುದ್ಧಿ ಹೇಳಿ ಚಹ ಕೊಟ್ಟು, ಸಂಜೆಗೆ ಗುಡ್ಡದ ಮರದ ಕೆಳಗೆ ಮಗನ ಚಿತ್ರವನ್ನಿಟ್ಟು ಅವನು ಹಾಡುತ್ತ ಅಳುತ್ತಾನೆ. ಐರೋನಿಗೆ ಧ್ವನಿ ನೀಡಿದ ನಟ ಮಾಕೋ ೨೦೦೬ರಲ್ಲಿ ತೀರಿಕೊಂಡರು. ಆ ಕಂತಿನ ಈ ಭಾಗವನ್ನು ಅವರ ಸ್ಮರಣೆಗೆ ಅರ್ಪಿಸಲಾಗಿದೆ. ಇತರರ ಮಕ್ಕಳ ಸಾವಿಗೆ ತಾನೂ ಕಾರಣನಾದವನೆಂಬ ಅರಿವು ಐರೋನಿಗಿದೆ. ಕ್ಷಮೆಯ ಅಗತ್ಯ ತನಗೂ ಇದೆಯೆಂದು ಬಲ್ಲವನಾದುದರಿಂದಲೇ ಅವನು ಕ್ಷಮಿಸಬಲ್ಲವನಾದನು.

ಇಂಥ ದೊಡ್ಡಪ್ಪನನ್ನು ಝೂಕೊ ಆ ನಗರದಲ್ಲಿಯೇ ಕೈಬಿಟ್ಟನು. ತಂಗಿಯ ಮಾತಿಗೆ ಒಲಿದು ಅವಳ ಪಕ್ಷಕ್ಕೆ ಸೇರಿದನು. ಐರೋ ಸೆರೆಯಾದನು. ಝೂಕೊ ಕಾರಾಗೃಹಕ್ಕೆ ಹೋಗಿ ಮಾತಾಡಿಸಿದರೆ ಐರೋ ಮುಖ ತಿರುಗಿಸಿ ಕುಳಿತನು. ಅವನು ಶಪಿಸಲಿಲ್ಲ, ಆದರೆ ಸಮಾಧಾನವನ್ನೂ ಹೇಳಲಿಲ್ಲ. ಈ ಮೌನವನ್ನು ಕೋಪವೆಂದು ತಿಳಿಯುವುದು ಸುಲಭ. ನನಗೆ ತೋರುವಂತೆ ಇದು ಕಠಿಣವಾದ ವಾತ್ಸಲ್ಯ. ತಪ್ಪಿನ ದಾರಿಯಲ್ಲಿ ನಡೆಯುತ್ತಿರುವವನಿಗೆ ಆಗಲೇ ಸಮಾಧಾನ ಹೇಳಿದರೆ ತಪ್ಪು ಹಗುರವಾಗುತ್ತದೆ. ಅವನು ಆ ದಾರಿಯಲ್ಲೇ ಮುಂದುವರಿಯುತ್ತಾನೆ.

ಕೊನೆಗೆ ಝೂಕೊ ದೊಡ್ಡಪ್ಪನನ್ನು ಮತ್ತೆ ಕಾಣುವುದು ನಗರದ ಹೊರಗಿನ ಬಿಡಾರವೊಂದರಲ್ಲಿ. ಐರೋ ನಿದ್ರಿಸುತ್ತಿದ್ದಾನೆ. ಝೂಕೊ ಎಬ್ಬಿಸುವುದಿಲ್ಲ, ಪಕ್ಕದಲ್ಲಿ ಕುಳಿತು ಬೆಳಗಾಗುವುದನ್ನು ಕಾಯುತ್ತಾನೆ. ಎದ್ದವನು ಬೆನ್ನು ತಿರುಗಿಸಿಯೇ ಕುಳಿತಿರಲು, ಕಣ್ಣೀರಿಡುತ್ತ ತನ್ನ ನಾಚಿಕೆಯನ್ನೂ ಪಶ್ಚಾತ್ತಾಪವನ್ನೂ ಹೇಳತೊಡಗುತ್ತಾನೆ. ಮಾತು ಮುಗಿಯುವ ಮೊದಲೇ ಐರೋ ಅವನನ್ನು ಎಳೆದು ಅಪ್ಪಿಕೊಳ್ಳುತ್ತಾನೆ. ತನಗೆ ಎಂದೂ ಕೋಪವಿರಲಿಲ್ಲವೆಂದೂ, ಅವನು ದಾರಿ ತಪ್ಪಿದನೆಂಬ ಭಯದಿಂದ ದುಃಖವಾಗಿತ್ತೆಂದೂ ತಿಳಿಸುತ್ತಾನೆ. ಕ್ಷಮೆ ಐರೋನಲ್ಲಿ ಮೊದಲಿನಿಂದಲೂ ಸಿದ್ಧವಾಗಿತ್ತು. ಅದನ್ನು ಪಡೆಯಬಲ್ಲ ಸ್ಥಿತಿಗೆ ಝೂಕೊ ಬರುವವರೆಗೆ ಅದು ಕಾದಿತ್ತು ಅಷ್ಟೆ. ಆ ವೇಳೆಗೆ ಝೂಕೊ ಅರಮನೆಯನ್ನು ತೊರೆದಿದ್ದನು, ಆಂಗ್‌ನಿಗೆ ಅಗ್ನಿವಿದ್ಯೆಯನ್ನು ಕಲಿಸತೊಡಗಿದ್ದನು. ಪಶ್ಚಾತ್ತಾಪದ ಮಾತಿಗಿಂತ ಮೊದಲು ಪಶ್ಚಾತ್ತಾಪದ ನಡೆ ಇತ್ತು.

ಕಟಾರಾಳ ತೀರ್ಮಾನ

ಎಲ್ಲ ಕ್ಷಮೆಯೂ ಹೀಗೆ ಅಪ್ಪುಗೆಯಲ್ಲಿ ಮುಗಿಯುವುದಿಲ್ಲವೆಂಬುದನ್ನು ಈ ಕೃತಿ ಪ್ರಾಮಾಣಿಕವಾಗಿ ತೋರಿಸಿದೆ. ವಿಭೀಷಣನು ಬಂದಾಗ ಸುಗ್ರೀವನು ಶಂಕಿಸಿದಂತೆ, ಝೂಕೊ ಆಂಗ್‌ನ ಬಳಗಕ್ಕೆ ಬಂದಾಗ ಎಲ್ಲರೂ ಅವನನ್ನು ಮೊದಲು ಹಿಂದಕ್ಕಟ್ಟಿದರು. ಆದರೆ ಒಂದು ಭೇದವುಂಟು. ವಿಭೀಷಣನು ರಾಮನಿಗೆ ತಾನಾಗಿ ಕೇಡು ಬಗೆದವನಲ್ಲ; ಝೂಕೊ ಇವರನ್ನು ಬೆನ್ನಟ್ಟಿ ಹಿಂಸಿಸಿದವನು. ಆದ್ದರಿಂದ ಅವನಿಗೆ ಆಶ್ರಯವೊಂದೇ ಸಾಲದು, ಕ್ಷಮೆಯೂ ಬೇಕು. ಉಳಿದವರು ಒಬ್ಬೊಬ್ಬರಾಗಿ ಒಪ್ಪಿದರೂ ಕಟಾರಾ ಒಪ್ಪಲಿಲ್ಲ. ಅದಕ್ಕೆ ಕಾರಣವಿತ್ತು. ಬಾ ಸಿಂಗ್ ಸೇ ನಗರದ ನೆಲದಡಿಯ ಸೆರೆಯಲ್ಲಿ ಅವಳು ಅವನನ್ನು ನಂಬಿ, ಅವನ ಮುಖದ ಗಾಯವನ್ನು ವಾಸಿ ಮಾಡಲು ತನ್ನಲ್ಲಿದ್ದ ಪವಿತ್ರ ಜಲವನ್ನೇ ಕೊಡಲು ಮುಂದಾಗಿದ್ದಳು. ಅದಾದ ಸ್ವಲ್ಪ ಹೊತ್ತಿಗೇ ಅವನು ಪಕ್ಷ ಬದಲಿಸಿದನು.

ಕಟಾರಾಳಿಗೆ ಎಂಟು ವರ್ಷವಾಗಿದ್ದಾಗ ಅವಳ ತಾಯಿಯನ್ನು ಅಗ್ನಿರಾಷ್ಟ್ರದ ಯಾನ್ ರಾ ಎಂಬ ದಳಪತಿ ಕೊಂದಿದ್ದನು. ಜಲವಿದ್ಯೆ ಬಲ್ಲ ಕೊನೆಯ ವ್ಯಕ್ತಿಯನ್ನು ಅವನು ಹುಡುಕುತ್ತ ಬಂದಾಗ, ಮಗಳನ್ನು ಉಳಿಸಲು ತಾಯಿ ಅದು ತಾನೇ ಎಂದು ಹೇಳಿ ಪ್ರಾಣ ತೆತ್ತಳು. ಝೂಕೊ ಆ ಕೊಲೆಗಾರನ ಜಾಡನ್ನು ಹಿಡಿದು ಕಟಾರಾಳನ್ನು ಅವನಲ್ಲಿಗೆ ಕರೆದೊಯ್ದನು. ಮುದುಕನಾಗಿದ್ದ ಯಾನ್ ರಾ ಹೆದರಿ, ತಾಯಿಗೆ ಬದಲು ತನ್ನ ತಾಯಿಯನ್ನು ಕೊಲ್ಲಬಹುದೆಂದನು. ಕಟಾರಾ ಸುರಿಯುವ ಮಳೆಯನ್ನು ತಡೆದು ಹಿಮದ ಬಾಣಗಳನ್ನಾಗಿಸಿ ಎಸೆದಳು. ಅವನ ಮೈಗೆ ತಾಗುವ ಮುನ್ನ ನಿಲ್ಲಿಸಿದಳು. ಕ್ಷಮಿಸಿದಳೇ? ಇಲ್ಲ. ಅವನನ್ನು ಎಂದಿಗೂ ಕ್ಷಮಿಸಲಾರೆನೆಂದು ಸ್ಪಷ್ಟವಾಗಿ ಹೇಳುತ್ತಾಳೆ. ಆದರೆ ಝೂಕೊನನ್ನು ಕ್ಷಮಿಸಲು ಸಿದ್ಧಳಾಗಿದ್ದಾಳೆ, ಅವನನ್ನು ಅಪ್ಪಿಕೊಳ್ಳುತ್ತಾಳೆ.

ನೊಂದವರಿಗೆ ಕ್ಷಮೆಯನ್ನು ಉಪದೇಶಿಸುವ ನಾವು ಈ ಪ್ರಸಂಗವನ್ನು ಲಕ್ಷ್ಯವಿಟ್ಟು ನೋಡಬೇಕು. ಸೇಡನ್ನು ಬಿಡುವುದು ಒಂದು, ಕ್ಷಮಿಸುವುದು ಇನ್ನೊಂದು. ಮೊದಲನೆಯದು ಎಲ್ಲರೂ ಮಾಡಬೇಕಾದ ಕೆಲಸ. ಎರಡನೆಯದು ನೊಂದವರು ತಾವಾಗಿ ಕೊಡುವ ದಾನ. ಅದನ್ನು ಯಾರೂ ಒತ್ತಾಯಿಸಿ ಪಡೆಯಲಾಗದು.

ಯಾರೂ ಬಾರದ ತಂಗಿ

ಕೃತಿಯಲ್ಲಿ ನನಗೆ ಕೊರತೆಯೆಂದು ಕಂಡುದನ್ನೂ ಹೇಳಬೇಕು. ಝೂಕೊನಿಗೆ ಐರೋ ಇದ್ದನು. ಅಝುಲಾಳಿಗೆ ಯಾರೂ ಇರಲಿಲ್ಲ. ಅವಳಿಗಿನ್ನೂ ೧೪ ವರ್ಷ. ತಂದೆಯ ಎಲ್ಲ ಆಜ್ಞೆಗಳನ್ನೂ ಪಾಲಿಸಿದ, ಎಂದೂ ಸೋಲದ ಮಗಳು. ತಾಯಿ ತನ್ನನ್ನು ರಾಕ್ಷಸಿಯೆಂದು ಬಗೆದಿದ್ದಳೆಂಬ ನೋವು ಅವಳ ಒಳಗಿದೆ. ಗೆಳತಿಯರು ಕೈಬಿಟ್ಟಾಗ, ತಂದೆಯೂ ಹಿಂದೆ ಬಿಟ್ಟು ಹೋದಾಗ, ಅವಳ ಮನಸ್ಸು ಕದಡುತ್ತದೆ. ಕೊನೆಯ ಅಗ್ನಿ ಕೈಯಲ್ಲಿ ಅವಳು ಕಟಾರಾಳ ಮೇಲೆ ಸಿಡಿಲನ್ನೆಸೆಯುತ್ತಾಳೆ; ಝೂಕೊ ಅಡ್ಡ ಹಾರಿ ಅದನ್ನು ತಾನು ತಾಳುತ್ತಾನೆ. ಕಟಾರಾ ಅವಳನ್ನು ಸರಪಳಿಯಲ್ಲಿ ಕಟ್ಟಿಹಾಕುತ್ತಾಳೆ. ಅಝುಲಾ ನೆಲದ ಮೇಲೆ ಹೊರಳಾಡಿ ಅಳುವ ದೃಶ್ಯವನ್ನು ಅಣ್ಣ ಮೌನವಾಗಿ ನೋಡುತ್ತಾನೆ. ನೋಡುವ ನಮಗೂ ಜಯದ ಸಂತೋಷ ಉಂಟಾಗುವುದಿಲ್ಲ. ತಮ್ಮನ ಮಗನನ್ನು ಬೀಳಗೊಡದ ಐರೋ, ಅವಳನ್ನು ಮಣಿಸಲೇಬೇಕಾದವಳೆಂದು ಹಿಂದೆ ಒಂದೇ ಮಾತಿನಲ್ಲಿ ತೀರ್ಮಾನಿಸಿದ್ದನು. ಒಂದೇ ಮನೆಯಲ್ಲಿ ಕೆಟ್ಟ ತಂದೆಯಿಂದ ಬೈಸಿಕೊಂಡ ಮಗನೂ ಹೊಗಳಿಸಿಕೊಂಡ ಮಗಳೂ ಸಮಾನವಾಗಿ ಗಾಯಗೊಂಡರು. ಹೊಗಳಿಸಿಕೊಂಡವಳ ಗಾಯ ಯಾರ ಕಣ್ಣಿಗೂ ಬೀಳಲಿಲ್ಲ. ಶಿಕ್ಷಕರೂ ಪಾಲಕರೂ ಇದನ್ನು ನೆನಪಿಡಬೇಕು. ತರಗತಿಯಲ್ಲಿ ಮೊದಲನೆಯ ಸ್ಥಾನ ಪಡೆಯುವ ವಿದ್ಯಾರ್ಥಿಗೂ ಸಂತೈಸುವವರು ಬೇಕಾಗಿರಬಹುದು.

ಉಪಸಂಹಾರ

ಈಗ ಆ ಹುಡುಗನ ಪ್ರಶ್ನೆಗೆ ಮರಳುತ್ತೇನೆ. ವಿಭೀಷಣನು ಸರಿಯೋ, ಕುಂಭಕರ್ಣನು ಸರಿಯೋ? ಇಬ್ಬರ ದಾರಿಗಳೂ ಬೇರೆ. ಆದರೆ ಅಣ್ಣನ ಮುಂದೆಯೇ ಇಬ್ಬರೂ ಅವನ ತಪ್ಪನ್ನು ತಪ್ಪೆಂದು ಹೇಳಿದರು. ಹೇಳಿದ ಮೇಲೆ ಒಬ್ಬನು ಹೊರಟನು, ಒಬ್ಬನು ಉಳಿದನು. ನಮ್ಮ ಗೌರವ ಅವರಿಗೆ ಸಲ್ಲುವುದು ಮೊದಲು ಆ ಮಾತಿಗಾಗಿ. ಝೂಕೊನೂ ಅರಮನೆಯಿಂದ ರಾತ್ರೋರಾತ್ರಿ ಸದ್ದಿಲ್ಲದೆ ಹೊರಟುಹೋಗಬಹುದಾಗಿತ್ತು. ಹಾಗೆ ಮಾಡದೆ, ಎಂಟು ನಿಮಿಷಗಳ ಸೂರ್ಯಗ್ರಹಣದಲ್ಲಿ ಅಗ್ನಿವಿದ್ಯೆ ನಡೆಯದ ವೇಳೆಯನ್ನು ನೋಡಿ ತಂದೆಯ ಎದುರು ನಿಂತನು. ಹದಿಮೂರು ವರ್ಷದ ಮಗುವನ್ನು ಸುಟ್ಟುದು ಕ್ರೌರ್ಯವೆಂದೂ, ಈ ಯುದ್ಧ ಅಧರ್ಮವೆಂದೂ, ತಾನು ಅವತಾರ್‌ನ ಪಕ್ಷ ಸೇರುವೆನೆಂದೂ ಮುಖಕ್ಕೆ ಹೇಳಿದನು. ಎರಡನೆಯ ಸಭೆಯಲ್ಲಿ ನುಂಗಿಕೊಂಡ ಮಾತನ್ನು ಅಂದು ಆಡಿದನು. ಗ್ರಹಣ ಮುಗಿದೊಡನೆ ತಂದೆ ಸಿಡಿಲನ್ನೆಸೆದನು. ಐರೋ ಕಲಿಸಿದ್ದ ವಿದ್ಯೆಯಿಂದ ಅದನ್ನು ತಿರುಗಿಸಿ ಝೂಕೊ ಹೊರಟನು. ತಂದೆಯನ್ನು ಕೊಲ್ಲಲಿಲ್ಲ, ಕ್ಷಮಿಸಿದೆನೆಂಬ ಸುಳ್ಳನ್ನೂ ಹೇಳಲಿಲ್ಲ.

ಯುದ್ಧ ಮುಗಿದು ಪಟ್ಟವೇರಿದ ಝೂಕೊ ಕಾರಾಗೃಹದಲ್ಲಿರುವ ತಂದೆಯನ್ನು ಕಾಣಲು ಹೋಗುತ್ತಾನೆ. ಅವನು ಕೇಳುವುದು ಒಂದೇ ಪ್ರಶ್ನೆ: ತಾಯಿ ಎಲ್ಲಿದ್ದಾಳೆ? ಉತ್ತರ ನಮಗೆ ಕೇಳಿಸುವುದಿಲ್ಲ. ತಂದೆಯೊಡನೆ ಅವನ ಲೆಕ್ಕ ಇನ್ನೂ ತೀರಿಲ್ಲ. ಬಹುಶಃ ಇದೇ ಸತ್ಯಕ್ಕೆ ಹತ್ತಿರ. ಒಡೆದ ಮನೆಗಳಲ್ಲಿ ಕೆಲವು ಲೆಕ್ಕಗಳು ಅಪ್ಪುಗೆಯಲ್ಲಿ ತೀರುತ್ತವೆ, ಕೆಲವು ತೀರದೆ ಉಳಿಯುತ್ತವೆ. ತೀರದಿದ್ದರೂ ಸೇಡಿಗೆ ತಿರುಗದಂತೆ ಅವುಗಳನ್ನು ಹೊತ್ತು ನಡೆಯುವುದು ಮನುಷ್ಯನಿಗೆ ಸಾಧ್ಯವೆಂಬುದನ್ನು ಈ ರಾಜಕುಮಾರನ ಕಥೆ ತೋರಿಸುತ್ತದೆ.

ಚಿಂತನೆಗೆ ಪ್ರಶ್ನೆಗಳು

೧. ಎರಡು ಸಮರಸಭೆಗಳಲ್ಲಿ ಝೂಕೊನ ನಡತೆಯನ್ನು ಹೋಲಿಸಿ, ಅವನಿಗೆ ದೊರೆತ ಫಲವನ್ನು ವಿವೇಚಿಸಿರಿ.
೨. ಕಾರಾಗೃಹದಲ್ಲಿ ಐರೋ ಮೌನವಾಗಿದ್ದುದು ಸರಿಯೇ? ಕಾರಣ ಕೊಡಿರಿ.
೩. ಸೇಡನ್ನು ಬಿಡುವುದಕ್ಕೂ ಕ್ಷಮಿಸುವುದಕ್ಕೂ ಇರುವ ಭೇದವನ್ನು ಕಟಾರಾಳ ಪ್ರಸಂಗದಿಂದ ತಿಳಿಸಿರಿ.
೪. ಅಝುಲಾಳ ಬಳಿಗೆ ಯಾರಾದರೂ ಹೋಗಬೇಕಾಗಿದ್ದರೆ ಯಾರು ಹೋಗಬೇಕಾಗಿತ್ತು? ಹೋಗಿ ಏನು ಹೇಳಬೇಕಾಗಿತ್ತು? ನಿಮ್ಮ ಮಾತುಗಳಲ್ಲಿ ಬರೆಯಿರಿ.